ಹೆಡ್ ಫೇಸಿಂಗ್ ಆದ ಮೇಲೆ ಶುರುವಾದ ನಾಕಿಂಗ್: ಒಂದೇ ಕಂಪ್ರೆಷನ್, ಎರಡು ಥರದ ಹೆಡ್

ಬೈಕ್ ಹಳೆಯದು. 100 ಸಿಸಿ ಟೂ-ಸ್ಟ್ರೋಕ್, ಗಾಳಿಯಲ್ಲೇ ತಣಿಯುವ ಎಂಜಿನ್. ಬೋರ್ (ಸಿಲಿಂಡರ್ ಒಳಗಿನ ಅಗಲ) 50 ಎಂಎಂ, ಸ್ಟ್ರೋಕೂ (ಪಿಸ್ಟನ್ ಓಡಾಡುವ ದೂರ) 50 ಎಂಎಂ. ಸಮತಟ್ಟು ರಸ್ತೆಯಲ್ಲಿ ಏನೂ ತೊಂದರೆ ಇಲ್ಲ. ಚಾಮುಂಡಿ ಬೆಟ್ಟದ ಏರಿನಲ್ಲಿ ನಾಲ್ಕನೇ ಗೇರ್‌ನಲ್ಲೇ ಎಳೆಸಿ ಥ್ರಾಟಲ್ ಪೂರ್ತಿ ತಿರುಗಿಸಿದರೆ ಮಾತ್ರ ಸದ್ದು ಬರುತ್ತಿತ್ತು. ಸ್ಟೀಲ್ ಡಬ್ಬಿಯಲ್ಲಿ ಸಾಸಿವೆ ಹಾಕಿ ಅಲ್ಲಾಡಿಸಿದ ಹಾಗೆ. ಥ್ರಾಟಲ್ ಸ್ವಲ್ಪ ಬಿಟ್ಟರೆ ನಿಂತುಬಿಡುತ್ತಿತ್ತು. ಬೆಟ್ಟದ ತುದಿ ಮುಟ್ಟುವ ಹೊತ್ತಿಗೆ ಎಂಜಿನ್ ಸುಸ್ತಾಗಿ, ಎಳೆತ ಅರ್ಧಕ್ಕೆ ಇಳಿದಿರುತ್ತಿತ್ತು.

ಗಾಡಿ ನಾನು ಕೊಂಡಿದ್ದು ಸೆಕೆಂಡ್ ಹ್ಯಾಂಡ್. ಹಿಂದಿನವರು ಪಿಕಪ್ ಬರಲಿ ಅಂತ ಯಾವುದೋ ಲೇತ್ ಅಂಗಡಿಯಲ್ಲಿ ಹೆಡ್ ಫೇಸಿಂಗ್ ಮಾಡಿಸಿದ್ದರು. ಅಂದರೆ ಸಿಲಿಂಡರ್‌ನ ಮುಚ್ಚಳವಾದ ಹೆಡ್‌ನ ಕೆಳಮುಖವನ್ನು ಕೊರೆದು ಕಂಪ್ರೆಷನ್ ಏರಿಸುವುದು. ಪೆಟ್ರೋಲ್-ಗಾಳಿ ಮಿಶ್ರಣವನ್ನು ಪಿಸ್ಟನ್ ಎಷ್ಟು ಪಟ್ಟು ಅದುಮುತ್ತದೆ ಅನ್ನುವುದೇ ಕಂಪ್ರೆಷನ್. ಕೇಳಿದವರೆಲ್ಲ ಒಂದೇ ಮಾತು ಹೇಳಿದರು: "ಕಂಪ್ರೆಷನ್ ಜಾಸ್ತಿ ಆಗಿದೆ, ಅದಕ್ಕೇ ಬಡೀತಿದೆ. ದಪ್ಪ ಗ್ಯಾಸ್ಕೆಟ್ ಹಾಕಿ, ಸರಿ ಹೋಗುತ್ತೆ." ಆ ಮಾತು ಅರ್ಧ ನಿಜ. ಉಳಿದರ್ಧ ಹುಡುಕುವುದಕ್ಕೆ ನನಗೆ ಮೂರು ಹೆಡ್ ಮತ್ತು ಹತ್ತಾರು ಭಾನುವಾರ ಬೇಕಾದವು.

ಮೊದಲು, ಅದು ನಾಕಿಂಗೇ ಹೌದಾ?

ನಾಕಿಂಗ್ ಅಂದರೆ ಸಿಲಿಂಡರ್ ಒಳಗಿನ ಮಿಶ್ರಣದ ಒಂದು ಪಾಲು ಬೆಂಕಿ ಮುಟ್ಟುವ ಮುಂಚೆ ತಾನಾಗಿ ಹೊತ್ತಿಕೊಂಡು ಬಡಿಯುವುದು. ಆದರೆ ಟೂ-ಸ್ಟ್ರೋಕ್ ಎಂಜಿನ್ ಸದ್ದಿನ ಸಂತೆ. ಪಿಸ್ಟನ್ ಸವೆದಿದ್ದರೆ ಕಟಕಟ ಅನ್ನುತ್ತದೆ. ಪಿಸ್ಟನ್ನನ್ನು ಕನೆಕ್ಟಿಂಗ್ ರಾಡ್‌ಗೆ ಸೇರಿಸುವ ಗಜನ್ ಪಿನ್ನಿನ ಬೇರಿಂಗ್ ಹೋಗಿದ್ದರೆ ಕಿರಿಕಿರಿ. ಹೆಡ್‌ನ ರೆಕ್ಕೆಗಳ ನಡುವಿನ ರಬ್ಬರ್ ಬಿದ್ದುಹೋಗಿದ್ದರೆ ರೆಕ್ಕೆಗಳೇ ಗಂಟೆಯ ಹಾಗೆ ಹಾಡುತ್ತವೆ. ಸೈಲೆನ್ಸರ್ ಒಳಗಿನ ತಗಡು ಸಡಿಲವಾಗಿದ್ದರಂತೂ ಕೇಳುವುದೇ ಬೇಡ. ಇವನ್ನೆಲ್ಲ ನಾಕಿಂಗ್ ಅಂದುಕೊಂಡು ಹೆಡ್ ಬಿಚ್ಚಿದವರನ್ನು ನೋಡಿದ್ದೇನೆ. ಅವರಲ್ಲಿ ನಾನೂ ಒಬ್ಬ, ಒಂದು ಸಲ.

ಬೇರ್ಪಡಿಸುವುದು ಕಷ್ಟವಲ್ಲ. ನಾಕಿಂಗ್ ಬರುವುದು ಎಂಜಿನ್ ಮೇಲೆ ಭಾರ ಬಿದ್ದಾಗ. ಸೈಡ್ ಸ್ಟ್ಯಾಂಡ್ ಹಾಕಿ ಸುಮ್ನೆ ರೇಸ್ ಮಾಡಿದಾಗಲೂ ಸದ್ದು ಬಂದರೆ, ಅದು ಬಹುಪಾಲು ಲೋಹಕ್ಕೆ ಲೋಹ ಬಡಿಯುವುದು. ಬೇರಿಂಗ್ ಕಡೆ ನೋಡಿ.

ಎರಡನೇ ಪರೀಕ್ಷೆಗೆ ಸ್ವಲ್ಪ ದುಡ್ಡು ಬೇಕು, ಆದರೆ ಇದಕ್ಕಿಂತ ಖಚಿತವಾದದ್ದು ಇಲ್ಲ. ದೊಡ್ಡ ಊರುಗಳ ಕೆಲವು ಬಂಕ್‌ಗಳಲ್ಲಿ 100 ಆಕ್ಟೇನ್ ಪೆಟ್ರೋಲ್, ಅಂದರೆ ಸುಲಭಕ್ಕೆ ನಾಕ್ ಆಗದ ಪೆಟ್ರೋಲ್, ಸಿಗುತ್ತದೆ. ಟ್ಯಾಂಕ್ ಖಾಲಿ ಮಾಡಿ ಎರಡು ಲೀಟರ್ ಹಾಕಿ, ಎಂದಿನಷ್ಟೇ ಆಯಿಲ್ ಬೆರೆಸಿ, ಅದೇ ಏರಿನಲ್ಲಿ ಅದೇ ಗೇರಿನಲ್ಲಿ ಹೋಗಿ. ಪೆಟ್ರೋಲ್ ಬದಲಾದರೆ ಬೇರಿಂಗ್‌ಗೆ ಗೊತ್ತಾಗುವುದಿಲ್ಲ, ಅಲ್ವಾ? ಸದ್ದು ಹೋದರೆ ಅದು ನಾಕಿಂಗ್. ಹಾಗೇ ಇದ್ದರೆ ಈ ಬರಹ ನಿಮ್ಮ ದೋಷಕ್ಕೆ ಮದ್ದಲ್ಲ. ನನ್ನ ಬೈಕಿನಲ್ಲಿ ಸದ್ದು ಪೂರ್ತಿ ಹೋಯಿತು. ಇದನ್ನು ಪರೀಕ್ಷೆಗೆ ಮಾತ್ರ ಬಳಸಿ. ದಿನಾ ಇದೇ ಹಾಕಿ ಓಡಿಸುವುದು ಅಂದರೆ ಕಾಯಿಲೆ ಬಿಟ್ಟು ಬರೀ ನೋವಿನ ಮಾತ್ರೆ ನುಂಗಿದ ಹಾಗೆ.

ಕಿವಿಯ ಬಗ್ಗೆ ಒಂದು ಮಾತು. ನಾಕಿಂಗ್ ಆದಾಗ ಸಿಲಿಂಡರ್ ಒಳಗಿನ ಬಿಸಿ ಅನಿಲ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ತುಯ್ದಾಡುತ್ತದೆ. ಬೋರ್ ಸಣ್ಣದಾದಷ್ಟೂ ಸ್ವರ ಮೇಲೆ. ಸುಮಾರು 86 ಎಂಎಂ ಬೋರ್‌ನ ಕಾರಿನಲ್ಲಿ ಅದು ಆರೂವರೆ ಕಿಲೋಹರ್ಟ್ಜ್ ಆಸುಪಾಸು. ನಮ್ಮ 50 ಎಂಎಂ ಬೋರ್‌ನಲ್ಲಿ ಲೆಕ್ಕ ಹಾಕಿದರೆ 11 ಕಿಲೋಹರ್ಟ್ಜ್ ಹತ್ತಿರ. ಹೆಲ್ಮೆಟ್ ಒಳಗೆ, ಗಾಳಿಯ ಸದ್ದಿನಲ್ಲಿ, ಐವತ್ತು ದಾಟಿದ ಕಿವಿಗೆ ಇದು ಸರಿಯಾಗಿ ಕೇಳುವುದೇ ಇಲ್ಲ. "ನನ್ನ ಗಾಡಿ ನಾಕ್ ಆಗಲ್ಲ" ಅನ್ನುವ ಎಷ್ಟೋ ಹಿರಿಯ ಮೇಸ್ತ್ರಿಗಳ ಗಾಡಿಗಳು ನಾಕ್ ಆಗುತ್ತಲೇ ಇರುತ್ತವೆ.

ಹಾಗಾಗಿ ಒಂದು ಸಣ್ಣ ಉಪಾಯ ಮಾಡಿದೆ. ಗೇಣುದ್ದದ ತಾಮ್ರದ ಕೊಳವೆ ತಗೊಂಡು ಒಂದು ತುದಿ ಚಪ್ಪಟೆ ಬಡಿದು, ತೂತು ಹಾಕಿ, ಹೆಡ್‌ನ ಒಂದು ನಟ್ ಕೆಳಗೆ ಬಿಗಿದೆ. ಇನ್ನೊಂದು ತುದಿಗೆ ರಬ್ಬರ್ ಟ್ಯೂಬ್. ಟ್ಯೂಬಿನ ಕೊನೆಯಲ್ಲಿ ಒಂದು ಸಣ್ಣ ಮೈಕ್ ತುರುಕಿ ಫೋನಿಗೆ ಕೊಟ್ಟೆ. ಮನೆಗೆ ಬಂದ ಮೇಲೆ ಲ್ಯಾಪ್‌ಟಾಪ್‌ನಲ್ಲಿ ಸದ್ದಿನ ಚಿತ್ರ ತೆಗೆದರೆ, ನಾಕಿಂಗ್ ಆದ ಜಾಗದಲ್ಲಿ ಮೇಲುಗಡೆ ಒಂದು ಪಟ್ಟಿ ಎದ್ದು ಕಾಣುತ್ತದೆ. ಗುಜರಿಯಲ್ಲಿ ಸಿಗುವ ಕಾರಿನ ನಾಕ್ ಸೆನ್ಸರ್ ಕೂಡ ಬಳಸಬಹುದು. ಆದರೆ ಕೆಲವು ಸೆನ್ಸರ್‌ಗಳು ಕಾರಿನ ಬೋರ್‌ಗೆ ಸರಿಯಾದ ಒಂದೇ ಸ್ವರಕ್ಕೆ ಸ್ಪಂದಿಸುತ್ತವೆ. ಅವು ನಮ್ಮ 11ಕ್ಕೆ ಕಿವುಡು.

ಹೆಡ್ ಬಿಚ್ಚುವ ಮುಂಚೆ

ಇವು ಬೇಗ ಮುಗಿಯುವ ಕೆಲಸಗಳು. ಬಿಟ್ಟು ಮುಂದೆ ಹೋಗಬೇಡಿ.

ಇಗ್ನಿಷನ್ ಟೈಮಿಂಗ್. ಪ್ಲಗ್ ತೂತಿನಲ್ಲಿ ಡಯಲ್ ಗೇಜ್ ಇಟ್ಟು, ಪಿಸ್ಟನ್ ತುತ್ತತುದಿಗೆ ಬರುವ ಎಷ್ಟು ಮುಂಚೆ ಕಿಡಿ ಹಾರುತ್ತದೆ ಅಂತ ನೋಡಿ. ನನ್ನದು 1.8 ಎಂಎಂ ಇತ್ತು, ಗುರುತಿಗೆ ಸರಿಯಾಗಿ.

ಗಾಳಿ ಸೋರಿಕೆ. ಎಂಜಿನ್ ಐಡಲ್‌ನಲ್ಲಿ ಇರುವಾಗ ಕಾರ್ಬ್ಯುರೇಟರ್ ರಬ್ಬರ್ ಸುತ್ತ ಮತ್ತು ಸಿಲಿಂಡರ್ ಬುಡದಲ್ಲಿ ಸ್ವಲ್ಪ ಕಾರ್ಬ್ ಕ್ಲೀನರ್ ಸಿಂಪಡಿಸಿ. ಸೈಲೆನ್ಸರ್ ಕಡೆ ಬೇಡ, ಬೆಂಕಿ ಹತ್ತೀತು. ಐಡಲ್ ಏರಿಳಿದರೆ ಅಲ್ಲಿಂದ ಗಾಳಿ ಎಳೆಯುತ್ತಿದೆ. ಮ್ಯಾಗ್ನೆಟೊ ಕಡೆಯ ಕ್ರ್ಯಾಂಕ್ ಸೀಲ್ ಮರೆಯಬೇಡಿ. ಅದು ಒಣಗಿ ಸೀಳಿದರೆ ಮಿಶ್ರಣ ತೆಳುವಾಗಿ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ), ಪಿಸ್ಟನ್ ಬಿಸಿಯಾಗಿ, ಯಾವ ಹೆಡ್ ಇದ್ದರೂ ನಾಕ್ ಆಗುತ್ತದೆ.

ಪೆಟ್ರೋಲ್. ಈಗ ಬಂಕ್‌ನಲ್ಲಿ ಸಿಗುವುದು ಎಥನಾಲ್ ಬೆರೆತದ್ದು. ನಾಕಿಂಗ್ ತಡೆಯುವ ವಿಷಯದಲ್ಲಿ ಎಥನಾಲ್ ಒಳ್ಳೆಯದೇ. ತೊಂದರೆ ಇರುವುದು ಬೇರೆ ಕಡೆ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ 14.7 ಪಾಲು ಗಾಳಿ ಬೇಕು, ಎಥನಾಲ್‌ಗೆ 9 ಪಾಲು ಸಾಕು. ಹಳೆಯ ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಬಿಡುವ ತೂತು, ಅಂದರೆ ಜೆಟ್, ಈ ಬದಲಾವಣೆ ನೋಡಿ ತಾನೇ ದೊಡ್ಡದಾಗುವುದಿಲ್ಲ. ಹಾಗಾಗಿ ಎಥನಾಲ್ ಜಾಸ್ತಿ ಆದಷ್ಟೂ ಮಿಶ್ರಣ ತೆಳುವಾಗುತ್ತದೆ. ನಾನು ಮೇನ್ ಜೆಟ್ ಒಂದು ನಂಬರ್ ಮೇಲಿನದು ಹಾಕಿದೆ. ಸದ್ದು ಸ್ವಲ್ಪ ಕಡಿಮೆಯಾಯಿತು, ಹೋಗಲಿಲ್ಲ.

ಇನ್ನು ಪ್ಲಗ್ ಮತ್ತು ಕಾರ್ಬನ್. ತುಂಬಾ ಬಿಸಿ ಗ್ರೇಡಿನ ಪ್ಲಗ್ ಇದ್ದರೆ, ಅಥವಾ ಹೆಡ್ ಒಳಗೆ ಗಟ್ಟಿ ಮಸಿ ಕೂತಿದ್ದರೆ, ಅವೇ ಕೆಂಡವಾಗಿ ಕಿಡಿಗಿಂತ ಮುಂಚೆ ಮಿಶ್ರಣ ಹೊತ್ತಿಸುತ್ತವೆ. ಅದು ನಾಕಿಂಗ್ ಅಲ್ಲ, ಅದರ ಕೆಟ್ಟ ಅಣ್ಣ. ಎರಡೂ ಒಂದನ್ನೊಂದು ಸಾಕುತ್ತವೆ. ಗುರುತು ಮಾತ್ರ ಬೇರೆ: ಮುಂಚಿತವಾಗಿ ಹೊತ್ತಿಕೊಂಡರೆ ಪಿಸ್ಟನ್ನಿನ ನಡುಮಧ್ಯ ಕರಗಿ ತೂತಾಗುತ್ತದೆ, ನಾಕಿಂಗ್ ಅಂಚನ್ನು ತಿನ್ನುತ್ತದೆ.

ಹೆಡ್ ತೆಗೆದಾಗ ಕಂಡದ್ದು

ಪಿಸ್ಟನ್ ತಲೆಯ ಅಂಚಿನಲ್ಲಿ, ಸುಮಾರು ಕಾಲು ಸುತ್ತಿನಷ್ಟು ಉದ್ದಕ್ಕೆ, ಸೂಜಿಯಿಂದ ಚುಚ್ಚಿದ ಹಾಗೆ ಸಣ್ಣ ಸಣ್ಣ ಗುಳಿ. ಅದೇ ಜಾಗದ ಮೇಲೆ ಹೆಡ್‌ನಲ್ಲೂ ಅಂಥದ್ದೇ ಗುಳಿ. ಉಳಿದ ಕಡೆ ಮಸಿ ಕೂತಿದೆ, ಇಲ್ಲಿ ಮಾತ್ರ ಅಲ್ಯೂಮಿನಿಯಂ ಬೆಳ್ಳಗೆ ಹೊಳೆಯುತ್ತಿದೆ. ಪ್ಲಗ್‌ನ ಬಿಳಿ ಪಿಂಗಾಣಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಮೆಣಸಿನ ಪುಡಿ ಚೆಲ್ಲಿದ ಹಾಗೆ ಕಪ್ಪು ಚುಕ್ಕಿಗಳು, ನಡುವೆ ಒಂದೆರಡು ಮಿನುಗುವ ಚುಕ್ಕಿ. ಮಿನುಗುವುದು ಪಿಸ್ಟನ್ನಿನ ಅಲ್ಯೂಮಿನಿಯಂ. ಇಷ್ಟು ಕಂಡ ಮೇಲೆ ಅನುಮಾನ ಉಳಿಯುವುದಿಲ್ಲ.

ಆದರೆ ನನ್ನ ಕಣ್ಣು ಹೋದದ್ದು ಹೆಡ್‌ನ ಅಂಚಿಗೆ. ಇಂಥ ಟೂ-ಸ್ಟ್ರೋಕ್ ಹೆಡ್ ಒಳಗೆ ಎರಡು ಭಾಗ ಇರುತ್ತವೆ. ನಡುವೆ ಬಟ್ಟಲು, ಅದರ ನೆತ್ತಿಯಲ್ಲಿ ಪ್ಲಗ್. ಸುತ್ತ ಒಂದು ಚಪ್ಪಟೆ ಪಟ್ಟಿ. ಪಿಸ್ಟನ್ ಮೇಲೆ ಬಂದಾಗ ಈ ಪಟ್ಟಿಗೆ ತೀರಾ ಹತ್ತಿರ ಬಂದು, ಅಲ್ಲಿದ್ದ ಮಿಶ್ರಣವನ್ನು ಬಟ್ಟಲಿನೊಳಗೆ ಹಿಂಡುತ್ತದೆ. ಇದಕ್ಕೆ ಸ್ಕ್ವಿಷ್ ಪಟ್ಟಿ ಅನ್ನುತ್ತಾರೆ. ನನ್ನ ಹೆಡ್‌ನಲ್ಲಿ ಆ ಪಟ್ಟಿಯ ಮೇಲೆ ಲೇತ್ ಟೂಲ್ ಓಡಿಸಿದ ಗೆರೆಗಳು ಇದ್ದವು. ಪಟ್ಟಿ ಚಪ್ಪಟೆ ಇರಲಿಲ್ಲ, ಒಳಗಡೆಗೆ ಇಳಿಜಾರಾಗಿ ಕೊರೆದಿದ್ದರು.

ಕಥೆ ಊಹಿಸುವುದು ಕಷ್ಟವಾಗಲಿಲ್ಲ. ಮೊದಲು ಹೆಡ್ ಮುಖವನ್ನು ಸುಮಾರು 2 ಎಂಎಂ ಕೊರೆದಿದ್ದಾರೆ. ಜೋಡಿಸಿ ತಿರುಗಿಸಿದರೆ ಪಿಸ್ಟನ್ ತಗುಲಿದೆ. ತಗುಲದ ಹಾಗೆ ಮಾಡಲು ಅಂಚನ್ನು ಕೆತ್ತಿ ಬಿಸಾಕಿದ್ದಾರೆ. ಪಿಸ್ಟನ್ ತಗುಲುವುದು ನಿಂತಿತು, ಕಂಪ್ರೆಷನ್ ಏರಿದ್ದು ಹಾಗೇ ಉಳಿಯಿತು, ಗಿರಾಕಿ ಖುಷಿ. ಹಿಂಡುವ ಪಟ್ಟಿಯೇ ಹೋಯಿತು ಅನ್ನುವುದು ಯಾರ ಲೆಕ್ಕಕ್ಕೂ ಬರಲಿಲ್ಲ.

ಅಳತೆ

ಎರಡು ಅಳತೆ ಬೇಕು: ಪಟ್ಟಿಯ ಸಂದು ಎಷ್ಟು, ಒಟ್ಟು ಜಾಗ ಎಷ್ಟು.

ಸಂದಿಗೆ ಮೆತ್ತನೆಯ ಸೋಲ್ಡರ್ ವೈರ್ ಸಾಕು. ಎರಡು ತುಂಡು ತಗೊಂಡು ಪಿಸ್ಟನ್ ಮೇಲೆ ಗ್ರೀಸ್ ಹಚ್ಚಿ ಅಂಟಿಸಿ, ತುದಿ ಸಿಲಿಂಡರ್ ಗೋಡೆ ಮುಟ್ಟುವ ಹಾಗೆ. ಎರಡೂ ತುಂಡು ಗಜನ್ ಪಿನ್ ಇರುವ ದಿಕ್ಕಿನಲ್ಲೇ ಇರಲಿ. ಅಡ್ಡ ದಿಕ್ಕಿನಲ್ಲಿ ಇಟ್ಟರೆ ಪಿಸ್ಟನ್ ವಾಲಿ, ಅಳತೆ ಸುಳ್ಳು ಹೇಳುತ್ತದೆ. ಹೆಡ್ ಜೋಡಿಸಿ ಪೂರ್ತಿ ಬಿಗಿದು, ಮ್ಯಾಗ್ನೆಟೊ ನಟ್‌ಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ಒಂದು ಸುತ್ತು ತಿರುಗಿಸಿ. ಕಿಕ್ ಹೊಡೆಯಬೇಡಿ. ಬಿಚ್ಚಿ, ಚಪ್ಪಟೆಯಾದ ವೈರನ್ನು ವರ್ನಿಯರ್‌ನಲ್ಲಿ ಅಳೆಯಿರಿ. ವೈರ್ ಸಂದಿಗಿಂತ ದಪ್ಪ ಇರಬೇಕು. ಇಲ್ಲದಿದ್ದರೆ ಎರಡು ಎಳೆ ಹೊಸೆದು ಹಾಕಿ.

ಜಾಗ ಅಳೆಯಲು 10 ಎಂಎಲ್ ಸಿರಿಂಜ್. ಪಿಸ್ಟನ್ ತುತ್ತತುದಿಗೆ ತಂದು, ರಿಂಗ್ ಸುತ್ತ ಗ್ರೀಸ್ ತುಂಬಿ, ಹೆಡ್ ಬಿಗಿದು, ಪ್ಲಗ್ ತೂತಿನಿಂದ ತೆಳು ಎಣ್ಣೆ ಬಿಡಿ. ಎಂಜಿನ್ ಸ್ವಲ್ಪ ವಾಲಿಸಿ ಗುಳ್ಳೆ ಹೊರಗೆ ಬರಲು ಬಿಡಿ. ತೂತಿನ ಬಾಯಿವರೆಗೆ ತುಂಬಿದಾಗ ಎಷ್ಟು ಹೋಯಿತು ನೋಡಿ, ಅದರಲ್ಲಿ ಪ್ಲಗ್ ಥ್ರೆಡ್‌ನ ಜಾಗ ಕಳೆಯಿರಿ. ಎಣ್ಣೆ ಮಟ್ಟ ಇಳಿಯುತ್ತಿದ್ದರೆ ರಿಂಗ್ ಹತ್ತಿರ ಸೋರುತ್ತಿದೆ, ಮೊದಲಿಂದ ಶುರು ಮಾಡಿ. ನಾನು ಮೂರು ಸಲ ಮಾಡಿದೆ. ಮೊದಲ ಸಲ ಬಂದ ಲೆಕ್ಕ ನಂಬಬೇಡಿ.

ನನಗೆ ಸಿಕ್ಕ ಲೆಕ್ಕ ಹೀಗಿತ್ತು. ಕೆತ್ತಿದ ಹೆಡ್‌ನಲ್ಲಿ ಸಂದು ಹೊರ ಅಂಚಿನಲ್ಲಿ 1.6 ಎಂಎಂ, ಒಳ ಅಂಚಿನಲ್ಲಿ 2.4 ಎಂಎಂ. ಸರಾಸರಿ 2 ಅನ್ನಿ. ಒಟ್ಟು ಜಾಗ 11 ಸಿಸಿ. ಪಿಸ್ಟನ್ ಓಡಾಡುವ ಜಾಗ 98.2 ಸಿಸಿ. ಹಾಗಾಗಿ ಕಂಪ್ರೆಷನ್ 109.2 ಭಾಗಿಸು 11, ಅಂದರೆ 9.9. ಇದು ಪೂರ್ತಿ ಸ್ಟ್ರೋಕ್ ಹಿಡಿದ ಲೆಕ್ಕ. ಜಪಾನಿ ಕಂಪನಿಗಳ ಪುಸ್ತಕದಲ್ಲಿ ಟೂ-ಸ್ಟ್ರೋಕ್‌ಗೆ ಆರು, ಏಳು ಅಂತ ಇರುವುದನ್ನು ನೋಡಿ ಗಾಬರಿಯಾಗಬೇಡಿ. ಅವರು ಎಕ್ಸಾಸ್ಟ್ ಪೋರ್ಟ್ (ಸಿಲಿಂಡರ್ ಗೋಡೆಯಲ್ಲಿ ಹೊಗೆ ಹೋಗುವ ಕಿಂಡಿ) ಮುಚ್ಚಿದ ಮೇಲಿನ ಸ್ಟ್ರೋಕ್ ಮಾತ್ರ ಲೆಕ್ಕ ಹಿಡಿಯುತ್ತಾರೆ. ಎರಡನ್ನೂ ಬೆರೆಸಿ ವಾದ ಮಾಡುವವರು ಪ್ರತಿ ಗ್ಯಾರೇಜ್‌ನಲ್ಲೂ ಒಬ್ಬರಾದರೂ ಇರುತ್ತಾರೆ.

ಗುಜರಿಯಲ್ಲಿ ಯಾರೂ ಮುಟ್ಟದ ಇನ್ನೆರಡು ಹೆಡ್ ಸಿಕ್ಕವು. ಅವುಗಳಲ್ಲಿ ಸಂದು 1.9 ಎಂಎಂ, ಜಾಗ 13 ಸಿಸಿ, ಕಂಪ್ರೆಷನ್ 8.6 ಹತ್ತಿರ.

ಅಂಚಿನ ಸಂದಿಗೂ ನಾಕಿಂಗ್‌ಗೂ ಏನು ಸಂಬಂಧ?

ಕಿಡಿ ಹಾರಿದ ತಕ್ಷಣ ಎಲ್ಲ ಪೆಟ್ರೋಲೂ ಒಟ್ಟಿಗೆ ಸ್ಫೋಟವಾಗುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಪ್ಲಗ್ ಹತ್ತಿರ ಹತ್ತಿದ ಬೆಂಕಿ ಹುಲ್ಲಿನ ಬಣವೆಗೆ ಒಂದು ತುದಿಯಿಂದ ಬೆಂಕಿ ಬಿದ್ದ ಹಾಗೆ ಹರಡುತ್ತಾ ಹೋಗುತ್ತದೆ. ಉರಿದ ಅನಿಲ ಹಿಗ್ಗಿ, ಇನ್ನೂ ಉರಿಯದೆ ಅಂಚಿನಲ್ಲಿ ಉಳಿದ ಮಿಶ್ರಣವನ್ನು ಅದುಮುತ್ತದೆ. ಅದುಮಿದ ಅನಿಲ ಬಿಸಿಯಾಗುತ್ತದೆ. ಬೆಂಕಿ ಅಲ್ಲಿಗೆ ಮುಟ್ಟುವ ಮುಂಚೆಯೇ ಅದು ತನ್ನ ಬಿಸಿಗೇ ಹೊತ್ತಿಕೊಂಡರೆ, ಆ ಮೂಲೆಯ ಮಿಶ್ರಣ ಒಂದೇ ಏಟಿಗೆ ಉರಿಯುತ್ತದೆ. ಅದೇ ಟಿಣ್. ಪಿಸ್ಟನ್ ಅಂಚಿನ ಗುಳಿಗಳು ಬೀಳುವುದೂ ಅಲ್ಲೇ.

ಹಾಗಾದರೆ ಇದು ಓಟದ ಪಂದ್ಯ. ಒಂದು ಕಡೆ ಬೆಂಕಿ, ಇನ್ನೊಂದು ಕಡೆ ಅಂಚಿನ ಮಿಶ್ರಣದ ತಾಳ್ಮೆ. ಆ ತಾಳ್ಮೆಯ ಅಳತೆಯೇ ಆಕ್ಟೇನ್. ಏರಿನಲ್ಲಿ ಕಡಿಮೆ ಆರ್‌ಪಿಎಂ, ಪೂರ್ತಿ ಥ್ರಾಟಲ್ ಇದ್ದಾಗ ನಾಕಿಂಗ್ ಬರುವುದಕ್ಕೂ ಇದೇ ಕಾರಣ. 6000 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ 10 ಮಿಲಿಸೆಕೆಂಡ್, 3000ದಲ್ಲಿ 20. ಹೊತ್ತಿಕೊಳ್ಳಲು ಅಂಚಿನ ಮಿಶ್ರಣಕ್ಕೆ ಸಮಯ ಜಾಸ್ತಿ ಸಿಗುತ್ತದೆ.

ಈಗ ಸಂದಿಗೆ ಬನ್ನಿ. ಬಿಸಿ ಗಂಜಿ ಬೇಗ ಆರಬೇಕು ಅಂದರೆ ಏನು ಮಾಡುತ್ತೇವೆ? ಅಗಲ ತಟ್ಟೆಗೆ ಸುರಿದು ತೆಳುವಾಗಿ ಹರಡುತ್ತೇವೆ. ಲೋಟದಲ್ಲಿ ಇಟ್ಟರೆ ಅರ್ಧ ಗಂಟೆಯಾದರೂ ಬಾಯಿ ಸುಡುತ್ತದೆ. ಅಂಚಿನ ಮಿಶ್ರಣವೂ ಹಾಗೇ. ಸಂದು 1 ಎಂಎಂಗಿಂತ ಕಡಿಮೆ ಇದ್ದರೆ ಅದು ತಟ್ಟೆಯಲ್ಲಿನ ಗಂಜಿ. ಮೇಲೆ ಹೆಡ್, ಕೆಳಗೆ ಪಿಸ್ಟನ್, ಎರಡೂ ಅನಿಲಕ್ಕಿಂತ ತಣ್ಣಗೆ. ಬಿಸಿಯನ್ನು ಹೀರಿಬಿಡುತ್ತವೆ. 2 ಎಂಎಂ ಇದ್ದರೆ ಲೋಟದಲ್ಲಿನ ಗಂಜಿ.

ಎಷ್ಟು ಮಿಶ್ರಣ ಅಂಚಿನಲ್ಲಿ ಉಳಿಯುತ್ತದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಪಟ್ಟಿ ಬೋರ್‌ನ ಅರ್ಧ ವಿಸ್ತೀರ್ಣ, ಸುಮಾರು 9.8 ಚದರ ಸೆಂಟಿಮೀಟರ್. 2 ಎಂಎಂ ಸಂದಿನಲ್ಲಿ ಹತ್ತಿರ ಹತ್ತಿರ 2 ಸಿಸಿ ಕೂರುತ್ತದೆ. ಒಟ್ಟು 11ರಲ್ಲಿ ನೂರಕ್ಕೆ 18 ಪಾಲು. ಸಂದು 0.9 ಆದರೆ 0.9 ಸಿಸಿಗಿಂತ ಕಡಿಮೆ, ನೂರಕ್ಕೆ 8 ಪಾಲು. ಹಠ ಮಾಡುವ ಮಿಶ್ರಣವೇ ಅರ್ಧಕ್ಕಿಂತ ಕಡಿಮೆ ಆಯಿತು. ಉಳಿದದ್ದು ಬಟ್ಟಲಿನೊಳಗೆ ಜೋರಾಗಿ ನುಗ್ಗಿ ಕದಡಿ, ಬೆಂಕಿಯ ಓಟವನ್ನೂ ಚುರುಕು ಮಾಡುತ್ತದೆ. ಪಂದ್ಯದಲ್ಲಿ ಎರಡೂ ಕಡೆಯಿಂದ ಲಾಭ.

ಇದು ಹೊಸ ವಿದ್ಯೆ ಏನಲ್ಲ. ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ ಮೊದಲ ಮಹಾಯುದ್ಧ ಮುಗಿದ ಹೊತ್ತಿಗೇ ಇದನ್ನು ಹಿಡಿದಿದ್ದರು. ಆಗಿನ ಸೈಡ್-ವಾಲ್ವ್ ಎಂಜಿನ್‌ಗಳಲ್ಲಿ ವಾಲ್ವ್‌ಗಳು ಸಿಲಿಂಡರ್ ಪಕ್ಕದಲ್ಲಿ ಇರುತ್ತಿದ್ದವು. ಹೆಡ್ ಒಳಗಿನ ಜಾಗ ವಾಲ್ವ್ ಮೇಲಿಂದ ಪಿಸ್ಟನ್ ಮೇಲಿನವರೆಗೆ ಚಪ್ಪಟೆಯಾಗಿ ಚಾಚಿಕೊಂಡಿರುತ್ತಿತ್ತು. ದೂರದ ಮೂಲೆಯಲ್ಲಿ ನಾಕಿಂಗ್ ಗ್ಯಾರಂಟಿ. ರಿಕಾರ್ಡೊ ಮಾಡಿದ್ದು ಇಷ್ಟು: ಜಾಗವನ್ನೆಲ್ಲ ವಾಲ್ವ್ ಕಡೆಗೆ ಒಟ್ಟುಗೂಡಿಸಿದರು, ಪಿಸ್ಟನ್ನಿನ ದೂರದ ಭಾಗದ ಮೇಲೆ ಹೆಡ್ಡನ್ನು ಕೆಳಗೆ ತಂದು ತೆಳು ಸಂದು ಮಾತ್ರ ಬಿಟ್ಟರು. ಅದೇ ಪೆಟ್ರೋಲ್‌ನಲ್ಲಿ ಜಾಸ್ತಿ ಕಂಪ್ರೆಷನ್ ತಡೆಯುವ ಹೆಡ್ ಆಯಿತು. ಎಂಜಿನ್ ಓಡುತ್ತಿರುವಾಗಲೇ ಕಂಪ್ರೆಷನ್ ಬದಲಿಸಬಹುದಾದ ಇ-35 ಅನ್ನುವ ಪರೀಕ್ಷಾ ಎಂಜಿನ್ನನ್ನೂ ಅವರು ಕಟ್ಟಿದ್ದರು. ಯಾವ ಪೆಟ್ರೋಲ್ ಎಷ್ಟು ಅದುಮಿದರೆ ಬಡಿಯುತ್ತದೆ ಅಂತ ಅಳೆಯಲು.

ಇವತ್ತಿಗೂ ಆಕ್ಟೇನ್ ಅಳೆಯುವುದು ಆ ಥರದ್ದೇ ಒಂದು ಸಿಲಿಂಡರ್‌ನ, ಸಿಎಫ್‌ಆರ್ ಅನ್ನುವ ಪರೀಕ್ಷಾ ಎಂಜಿನ್‌ನಲ್ಲಿ. ರಿಸರ್ಚ್ ಆಕ್ಟೇನ್ 600 ಆರ್‌ಪಿಎಂನಲ್ಲಿ, ಮೋಟಾರ್ ಆಕ್ಟೇನ್ 900ರಲ್ಲಿ. ಸುಲಭಕ್ಕೆ ಬಡಿಯದ ಐಸೋ-ಆಕ್ಟೇನ್‌ಗೆ 100 ಅಂಕ, ಬೇಗ ಬಡಿಯುವ ಎನ್-ಹೆಪ್ಟೇನ್‌ಗೆ ಸೊನ್ನೆ. ಅಲ್ಲಿ ಹೆಡ್ ಬದಲಾಗುವುದಿಲ್ಲ, ಪೆಟ್ರೋಲ್ ಬದಲಾಗುತ್ತದೆ. ನಾನು ಮಾಡಬೇಕಾಗಿದ್ದು ಇದರ ಉಲ್ಟಾ: ಪೆಟ್ರೋಲ್ ಒಂದೇ, ಹೆಡ್ ಬೇರೆ ಬೇರೆ.

ಮೂರು ಹೆಡ್, ಒಂದು ಏರು

ಮೊದಲ ಹೆಡ್, ಯಾರೂ ಮುಟ್ಟದ್ದು: ಸಂದು 1.9, ಜಾಗ 13 ಸಿಸಿ. ಎರಡನೆಯದು ಕೆತ್ತಿದ್ದು: ಸಂದು ಸುಮಾರು 2, ಜಾಗ 11. ಮೂರನೆಯದನ್ನು ಮಾಡಿಸಬೇಕಿತ್ತು. ಲೆಕ್ಕ ಹಾಕಿದರೆ ತಮಾಷೆಯಾಗಿತ್ತು. ಮುಟ್ಟದ ಹೆಡ್‌ನ ಮುಖವನ್ನು ಬರೀ 1 ಎಂಎಂ ಕೊರೆದರೆ ಸಂದು 0.9ಕ್ಕೆ ಬರುತ್ತದೆ, ಜಾಗವೂ 2 ಸಿಸಿ ಕಡಿಮೆಯಾಗಿ ಸರಿಯಾಗಿ 11ಕ್ಕೆ ನಿಲ್ಲುತ್ತದೆ. ಎರಡನೆಯ ಹೆಡ್‌ನಷ್ಟೇ ಕಂಪ್ರೆಷನ್! ಹಿಂದಿನವರು 1 ಎಂಎಂಗೇ ನಿಲ್ಲಿಸಿದ್ದರೆ ನಾನು ಇದನ್ನೆಲ್ಲ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಲೇತ್ ಮೇಸ್ತ್ರಿ ಒಪ್ಪಲಿಲ್ಲ. "ಒಂದೇ ಎಂಎಂ ಸಾಕಾ ಸಾರ್? ಎಲ್ರೂ ಎರಡು ಎರಡೂವರೆ ತೆಗಿಸ್ತಾರೆ."

"ಒಂದೇ ಸಾಕು ಅಣ್ಣ. ಪಟ್ಟಿ ಮಾತ್ರ ಮುಟ್ಟಬೇಡಿ."

"ಪಿಕಪ್ ಬರಲಿಲ್ಲ ಅಂತ ಆಮೇಲೆ ನನ್ನ ಬೈಬಾರದು."

ಪರೀಕ್ಷೆಯಲ್ಲಿ ಹೆಡ್ ಒಂದನ್ನು ಬಿಟ್ಟು ಬೇರೇನೂ ಬದಲಾಗಬಾರದು. ಹತ್ತು ಲೀಟರ್ ಪೆಟ್ರೋಲ್ ಒಂದೇ ಬಂಕ್‌ನಲ್ಲಿ ಒಂದೇ ಸಲ ತಂದು, ಆಯಿಲ್ ಬೆರೆಸಿ ಕ್ಯಾನ್ ಮುಚ್ಚಿಟ್ಟೆ. ಪ್ಲಗ್ ಒಂದೇ. ಜೆಟ್ ಒಂದೇ. ಬೆಳಿಗ್ಗೆ ಆರೂವರೆ, ವಾಹನ ಕಡಿಮೆ ಇರುವ ಹೊತ್ತು. ಐದು ಕಿಲೋಮೀಟರ್ ಓಡಿಸಿ ಎಂಜಿನ್ ಬಿಸಿ ಮಾಡಿ, ಅದೇ ಏರಿನ ಅದೇ ಮೈಲಿಗಲ್ಲಿನಿಂದ, ನಾಲ್ಕನೇ ಗೇರ್‌ನಲ್ಲಿ 40 ಕಿಲೋಮೀಟರ್ ವೇಗದಲ್ಲಿ ಥ್ರಾಟಲ್ ಪೂರ್ತಿ. ಎಂಟು ಸೆಕೆಂಡ್, ಆಮೇಲೆ ಬಿಡುವುದು. ಅದಕ್ಕಿಂತ ಜಾಸ್ತಿ ನಾಕ್ ಮಾಡಿಸಿದರೆ ಪರೀಕ್ಷೆಯ ಜೊತೆ ಪಿಸ್ಟನ್ನೂ ಮುಗಿಯುತ್ತದೆ.

ಬರೀ "ಬಂತು, ಬರಲಿಲ್ಲ" ಅಂತ ಬರೆದುಕೊಂಡರೆ ಹೆಡ್‌ಗಳ ನಡುವಿನ ಅಂತರ ಗೊತ್ತಾಗುವುದಿಲ್ಲ. ಹಾಗಾಗಿ ಕಿಡಿಯ ಹೊತ್ತು ನಿರ್ಧರಿಸುವ ಸ್ಟೇಟರ್ ಪ್ಲೇಟ್ ತಿರುಗಿಸಿ ಟೈಮಿಂಗ್ ಬದಲಿಸುತ್ತಾ ಹೋದೆ. 1.4 ಎಂಎಂನಿಂದ ಶುರು, ಪ್ರತಿ ಸಲ 0.2 ಮುಂದಕ್ಕೆ. 0.2 ಎಂಎಂ ಅಂದರೆ ಇಲ್ಲಿ ಸುಮಾರು 1 ಡಿಗ್ರಿ. ಎಲ್ಲಿ ನಾಕಿಂಗ್ ಶುರುವಾಗುತ್ತದೋ ಅದೇ ಆ ಹೆಡ್‌ನ ಅಂಕ. ತಾಮ್ರದ ಕೊಳವೆ, ಫೋನ್, ಮತ್ತು ಪ್ರತಿ ಸಲ ಪ್ಲಗ್ ತೆಗೆದು ನೋಡುವುದು. ಹೌದು, ಬೇಸರದ ಕೆಲಸ. ರಸ್ತೆ ಬದಿಯಲ್ಲಿ ಹತ್ತನೇ ಸಲ ಪ್ಲಗ್ ಬಿಚ್ಚುವಾಗ, ಬೆಟ್ಟ ಹತ್ತಲು ಬಂದ ಅಜ್ಜಿಯೊಬ್ಬರು "ಗಾಡಿ ಕೆಟ್ಟೋಯ್ತಾ ಮಗಾ?" ಅಂತ ಕೇಳಿದರು. ಇಲ್ಲ ಅಜ್ಜಿ, ಕೆಡಿಸ್ತಿದೀನಿ ಅಂದೆ.

ಕೆತ್ತಿದ ಹೆಡ್ 1.6ರಲ್ಲೇ ಸಣ್ಣಗೆ ಶುರು ಮಾಡಿತು. ಕಂಪನಿಯ ಗುರುತಾದ 1.8ರಲ್ಲಿ ಜೋರು. ಮುಟ್ಟದ ಹೆಡ್ 2.6ರವರೆಗೆ ಸುಮ್ಮನಿತ್ತು. ಕಂಪ್ರೆಷನ್ ಕಡಿಮೆ ಇರುವುದರಿಂದ ಅದು ನಿರೀಕ್ಷೆಯೇ. ಮೂರನೆಯ ಹೆಡ್, ಕೆತ್ತಿದ್ದರಷ್ಟೇ ಕಂಪ್ರೆಷನ್ ಇರುವುದು, 2.4ರಲ್ಲಿ ಶುರುವಾಯಿತು. 9.9 ಕಂಪ್ರೆಷನ್ ಎರಡರಲ್ಲೂ ಒಂದೇ. ಅಂಚಿನ ಸಂದು 2ರಿಂದ 0.9ಕ್ಕೆ ಇಳಿದಿದ್ದಕ್ಕೆ ಸುಮಾರು 4 ಡಿಗ್ರಿಯಷ್ಟು ಅವಕಾಶ ಸಿಕ್ಕಿತು.

ನನಗೇ ಪೂರ್ತಿ ನಂಬಿಕೆ ಬರಲಿಲ್ಲ. ಮೂರನೆಯದನ್ನು ಪರೀಕ್ಷಿಸಿದ ದಿನ ಮೋಡ ಇತ್ತು, ಗಾಳಿ ತಣ್ಣಗಿತ್ತು. ತಣ್ಣನೆ ಗಾಳಿಯಲ್ಲಿ ನಾಕಿಂಗ್ ಕಡಿಮೆ. ಹಾಗಾಗಿ ಅದೇ ಬೆಳಿಗ್ಗೆ ಕೆತ್ತಿದ ಹೆಡ್ ಮತ್ತೆ ಹಾಕಿದೆ. 1.6ರಲ್ಲಿ ಏನೂ ಕೇಳಲಿಲ್ಲ, 1.8ಕ್ಕೆ ಶುರುವಾಯಿತು. ಅಂದರೆ ಹವೆಯಿಂದ ಒಂದು ಡಿಗ್ರಿ, ಉಳಿದ ಮೂರು ಹೆಡ್‌ನಿಂದ. ಹೀಗೆ ಹಿಂದಕ್ಕೆ ಹೋಗಿ ಮತ್ತೆ ನೋಡದೆ ಇದ್ದಿದ್ದರೆ ನಾಲ್ಕು ಡಿಗ್ರಿ ಅಂತಲೇ ಹೇಳಿಕೊಂಡು ತಿರುಗುತ್ತಿದ್ದೆ.

ಇನ್ನೊಂದು ವಿಷಯ ನಾನು ಹುಡುಕಿರಲಿಲ್ಲ, ತಾನಾಗಿ ಸಿಕ್ಕಿತು. ಮೂರನೆಯ ಹೆಡ್‌ನಲ್ಲಿ ಎಳೆತ ಚೆನ್ನಾಗಿ ಬಂದದ್ದು 1.6ರಲ್ಲಿ. 2.0ಕ್ಕೆ ಹೋದರೂ ಏನೂ ಸೇರಲಿಲ್ಲ. ಬೆಂಕಿ ಬೇಗ ಓಡುವುದರಿಂದ ಮುಂಚೆ ಹೊತ್ತಿಸುವ ಅಗತ್ಯವೇ ಕಡಿಮೆ. ಹೀಗಾಗಿ ನಾಕಿಂಗ್‌ನಿಂದ ಇನ್ನಷ್ಟು ದೂರ ನಿಲ್ಲಬಹುದು. ಬೈಕ್ ಈಗ 1.6ರಲ್ಲೇ ಓಡುತ್ತಿದೆ, ಮಾಮೂಲಿ ಪೆಟ್ರೋಲ್‌ನಲ್ಲಿ.

ದಪ್ಪ ಗ್ಯಾಸ್ಕೆಟ್ ಯಾಕೆ ಮದ್ದಲ್ಲ

ಎಲ್ಲರೂ ಹೇಳಿದ ದಪ್ಪ ಗ್ಯಾಸ್ಕೆಟ್ಟನ್ನೂ ಕೆತ್ತಿದ ಹೆಡ್ ಮೇಲೆ ಹಾಕಿ ನೋಡಿದೆ. ಅರ್ಧ ಎಂಎಂ ಸೇರಿಸಿದರೆ ಜಾಗ 1 ಸಿಸಿ ಹೆಚ್ಚಾಗಿ 12 ಆಗುತ್ತದೆ, ಕಂಪ್ರೆಷನ್ 9.2ಕ್ಕೆ ಇಳಿಯುತ್ತದೆ. ಜೊತೆಗೆ ಸಂದು ಎರಡೂವರೆಗೆ ಏರುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ನಾಕಿಂಗ್ 1.8ಕ್ಕೆ ಬಂತು. ಪಿಕಪ್ ಹೋಯಿತು, ಸದ್ದು ಉಳಿಯಿತು. ಗ್ಯಾಸ್ಕೆಟ್ಟನ್ನು ಹೆಡ್ ಬದಲು ಸಿಲಿಂಡರ್ ಬುಡಕ್ಕೆ ಹಾಕಿದರೆ ಪೋರ್ಟ್‌ಗಳು ತೆರೆಯುವ ಸಮಯವೂ ಬದಲಾಗುತ್ತದೆ, ಅದು ಬೇರೆಯೇ ತಲೆನೋವು.

ನಿಮ್ಮ ಹೆಡ್ ಆಗಲೇ ಕೆತ್ತಿ ಹಾಳಾಗಿದ್ದರೆ ಎರಡು ದಾರಿ. ಮುಟ್ಟದ ಹೆಡ್ ಹುಡುಕಿ ಅಳತೆಗೆ ತಕ್ಕ ಹಾಗೆ ಕೊರೆಸುವುದು ಸುಲಭ. ಸಿಗದಿದ್ದರೆ ಕೆಟ್ಟ ಹೆಡ್‌ನ ಪಟ್ಟಿಯನ್ನು ಪಿಸ್ಟನ್ ತಲೆಯ ಉಬ್ಬಿಗೆ ಸಮಾನಾಂತರವಾಗಿ ಮತ್ತೆ ಕೊರೆಸಿ, ಮುಖವನ್ನು ಇಳಿಸಿ, ಕಡಿಮೆಯಾದ ಜಾಗವನ್ನು ಬಟ್ಟಲು ಆಳ ಮಾಡಿ ಭರ್ತಿ ಮಾಡಬೇಕು. ಆಗ ಬಟ್ಟಲಿನ ಮೇಲಿನ ಲೋಹ ಎಷ್ಟು ದಪ್ಪ ಉಳಿದಿದೆ, ಪ್ಲಗ್ ಎಷ್ಟು ಒಳಗೆ ಚಾಚುತ್ತದೆ ನೋಡಿಕೊಳ್ಳಿ. ಪ್ಲಗ್‌ನ ಥ್ರೆಡ್ ಬಟ್ಟಲಿನೊಳಗೆ ಇಣುಕಿದರೆ ಅದೇ ಕೆಂಡವಾಗುತ್ತದೆ.

ಸಂದು ಎಷ್ಟು ಕಡಿಮೆ ಮಾಡಬಹುದು? ತುಂಬಾ ಆಸೆ ಪಡಬೇಡಿ. ಜೋರು ಆರ್‌ಪಿಎಂನಲ್ಲಿ ಕನೆಕ್ಟಿಂಗ್ ರಾಡ್ ಸ್ವಲ್ಪ ಹಿಗ್ಗುತ್ತದೆ, ಹಳೆಯ ಬೇರಿಂಗ್‌ನಲ್ಲಿ ಆಟ ಇರುತ್ತದೆ, ಪಿಸ್ಟನ್ ಮೇಲೆ ಮಸಿ ಕೂರುತ್ತದೆ. ಈ ಗಾತ್ರದ ಎಂಜಿನ್‌ನಲ್ಲಿ ನಾನು 0.8ಕ್ಕಿಂತ ಕೆಳಗೆ ಹೋಗುವುದಿಲ್ಲ. ಬಿಗ್ ಎಂಡ್ ಬೇರಿಂಗ್ ಹಳೆಯದಾಗಿದ್ದರೆ 1 ಎಂಎಂಗೇ ನಿಲ್ಲಿಸಿ. ಪಿಸ್ಟನ್ ಅಂಚಿನಲ್ಲಿ ಮಸಿ ಸ್ವಲ್ಪವೂ ಕೂರದೆ ಹೆಡ್‌ನ ಗುರುತು ಕನ್ನಡಿಯ ಹಾಗೆ ಹೊಳೆದರೆ, ಅದು ತಗುಲುತ್ತಿದೆ ಅಂತ ಅರ್ಥ.

ಲೇತ್ ಅಂಗಡಿಗೆ ಹೋಗುವಾಗ "ಹೆಡ್ ಫೇಸ್ ಮಾಡಿ" ಅಂತ ಮಾತ್ರ ಹೇಳಬೇಡಿ. ಚೀಟಿಯಲ್ಲಿ ಬರೆದು ಕೊಡಿ: ಈಗ ಸಂದು ಇಷ್ಟಿದೆ, ಮುಖದಿಂದ ಇಷ್ಟು ತೆಗೆಯಿರಿ, ಪಟ್ಟಿ ಮುಟ್ಟಬೇಡಿ. ನಾನು ಆ ಚೀಟಿಯ ಜೊತೆಗೆ ಚಪ್ಪಟೆಯಾದ ಸೋಲ್ಡರ್ ವೈರನ್ನೂ ಟೇಪ್ ಹಾಕಿ ಅಂಟಿಸಿ ಕೊಟ್ಟೆ. ಕೆಲಸ ಮುಗಿಸಿ ಕೊಡುವಾಗ ಮೇಸ್ತ್ರಿ ಆ ವೈರ್ ವಾಪಸ್ ಕೊಡಲಿಲ್ಲ. "ಇದು ನನ್ನ ಹತ್ರ ಇರಲಿ ಸಾರ್," ಅಂದರು. "ನಾಳೆ ಇನ್ನೊಬ್ರು ಎರಡೂವರೆ ತೆಗೀರಿ ಅಂತ ಬಂದ್ರೆ ತೋರಿಸ್ತೀನಿ."